ಹೆಚ್ಚುವರಿ ಒಂದು

ವಿಮಾನ ಹಾರಿಸಿದವರ ಫೋಟೊ ಗೋಡೆಯ ಮೇಲಿರುತ್ತದೆ.
ನಾನು ವಾಷರು ಎಣಿಸಿದವನು.
ಜಾಲಹಳ್ಳಿಯ ನೀಲಗಿರಿ ತೋಪಿನ ಹಿಂದೆ
ಏಳನೇ ನಂಬರು ಷೆಡ್ಡು, ತಗಡಿನ ಸೂರು,
ಒಳಗೆ ನಾಲ್ಕು ಸಾವಿರ ಗೂಡು,
ಗೂಡಿಗೊಂದು ಬಿನ್ ಕಾರ್ಡು, ಕಾರ್ಡಿಗೊಂದು ದಾರ.
ಬಂದದ್ದು, ಹೋದದ್ದು, ಉಳಿದದ್ದು:
ಮೂರೇ ಕಾಲಮ್ಮಿನಲ್ಲಿ ಮೂವತ್ತಾರು ವರ್ಷ.

ರಷ್ಯದ ಪೆಟ್ಟಿಗೆಗಳು
ಯಶವಂತಪುರದ ಗೂಡ್ಸ್ ಷೆಡ್ಡಿನಿಂದ ಲಾರಿಯಲ್ಲಿ ಬರುತ್ತಿದ್ದವು.
ಮೊಳೆ ಕಿತ್ತರೆ ಕಂಡರಿಯದ ಕಾಡಿನ ಮರದ ವಾಸನೆ,
ಮೇಣದ ಕಾಗದ, ಹಳೇ ಜೇನಿನ ಬಣ್ಣದ ಗ್ರೀಸು,
ಕನ್ನಡಿಯಲ್ಲಿ ನೋಡಿ ಬರೆದಂಥ ಅಕ್ಷರ.
ಪ್ಯಾಕರ್ ಹಯಾತ್ ಸಾಬರು ಅದರಲ್ಲಿ ಎರಡು ಮಾತು ಕಲಿತಿದ್ದರು:
ಈ ಕಡೆ ಮೇಲೆ. ನೀರು ತಾಗಿಸಬೇಡಿ.
ಮಗಳ ಮದುವೆಯ ಟ್ರಂಕಿನ ಮೇಲೂ
ಕಪ್ಪು ಪೇಂಟಿನಲ್ಲಿ ಅದನ್ನೇ ಬರೆದು
ಕೋಲಾರಕ್ಕೆ ಕಳಿಸಿಕೊಟ್ಟರು.

ಎಪ್ಪತ್ತೊಂದರ ಡಿಸೆಂಬರು.
ಬಲ್ಬಿಗೆ ಕಂದು ಕಾಗದ, ಕಿಟಕಿಗೆ ಕಂಬಳಿ,
ಲಾರಿಗಳ ಕಣ್ಣಿಗೆ ಅರ್ಧ ಕಾಡಿಗೆ.
ರಾತ್ರಿ ಎರಡಕ್ಕೆ ಫೋನು:
ವಿಮಾನ ನೆಲದ ಮೇಲಿದೆ.
ಹೊರಗಿನವರಿಗೆ ಇದು ಸಮಾಧಾನದ ಮಾತು.
ನಮ್ಮಲ್ಲಿ ಇದಕ್ಕಿಂತ ಕೆಟ್ಟ ಸುದ್ದಿ ಇರಲಿಲ್ಲ.
ಉತ್ತರದಲ್ಲೆಲ್ಲೋ ಒಂದು ಚೂರು ಸಾಮಾನಿಗಾಗಿ
ಬಾಯಿ ತೆರೆದು ಕೂತಿದೆ ಅಷ್ಟು ದೊಡ್ಡ ಹಕ್ಕಿ.
ಕೆಂಪು ಚೀಟಿ. ಟಾರ್ಚು. ಏಣಿ.
ಲಾಕ್ ವಾಷರು, ಇಪ್ಪತ್ತನಾಲ್ಕು.
ಇದ್ದದ್ದೂ ಅಷ್ಟೆ.
ಎಣಿಸಿದೆ, ಸಹಿ ಹಾಕಿದೆ.
ಹಯಾತ್ ಸಾಬರು ಸುತ್ತಿ ಅರಗು ಒತ್ತಿದರು.
ಸಾರ್ಜೆಂಟ್ ತಂಗಪ್ಪನ್ ಜೇಬಿನೊಳಗಿಟ್ಟುಕೊಂಡು
ಯಲಹಂಕದ ಕಡೆ ಮೋಟರ್ ಸೈಕಲ್ಲು ಓಡಿಸಿದರು.
ಉಳಿದದ್ದು: ಸೊನ್ನೆ.

ಮಾರ್ಚಿನಲ್ಲಿ ದಾಸ್ತಾನು ತಾಳೆ ನೋಡುವಾಗ
ಗೂಡಿನ ಮೂಲೆಯ ಗ್ರೀಸಿಗೆ ಅಂಟಿಕೊಂಡು
ಒಂದಿತ್ತು.

ಕಮ್ಮಿ ಬಿದ್ದರೆ ಕಳ್ಳ ಅನ್ನುತ್ತಾರೆ, ಸಂಬಳದಲ್ಲಿ ಹಿಡಿಯುತ್ತಾರೆ.
ಹೆಚ್ಚಾದರೆ ಯಾರೂ ಬೈಯುವುದಿಲ್ಲ.
ಆಡಿಟ್ಟಿನ ಶ್ಯಾಮಣ್ಣನವರು ಕನ್ನಡಕ ಒರೆಸಿಕೊಂಡು
'ಲೆಕ್ಕಕ್ಕೆ ತಗೊಳ್ಳಿ, ಹೆಚ್ಚುವರಿ ಒಂದು,
ಬೆಲೆ ಹದಿನೇಳು ಪೈಸೆ' ಅಂದು
ಮುಂದಿನ ಗೂಡಿಗೆ ಹೋದರು.

ನಾನು ಏಣಿಯ ಮೇಲೇ ಕೂತುಬಿಟ್ಟೆ.
ಹಾಗಾದರೆ ಹೋದದ್ದು ಇಪ್ಪತ್ತಮೂರೆ?
ಒಂದು ಬೋಲ್ಟು ಬರಿಗುತ್ತಿಗೆಯಲ್ಲಿ
ಯಾವನದೋ ಜೀವ ಹೊತ್ತುಕೊಂಡು ಮೇಲೇರಿತ್ತೆ?
ಇಲ್ಲ, ಬರುವಾಗಲೇ ಇಪ್ಪತ್ತೈದಿತ್ತೊ?
ಆ ದೇಶದ ಷೆಡ್ಡಿನಲ್ಲೂ ನನ್ನಂಥವನೊಬ್ಬ
ಚಳಿಗೆ ಬೆರಳು ಮರಗಟ್ಟಿ ತಪ್ಪೆಣಿಸಿದ್ದನೊ?
ಹಯಾತ್ ಸಾಬರು ಕೆಳಗೆ ಏಣಿ ಹಿಡಿದೇ ನಿಂತಿದ್ದರು.
ಏನೂ ಕೇಳಲಿಲ್ಲ.
ಅವರಿಗೂ ಲೆಕ್ಕ ಬರುತ್ತಿತ್ತು.

ಮೂರು ಪ್ರತಿ ಕಾಗದ ಬರೆದೆ.
ಮಾವಿನಹಣ್ಣಿನ ಕಾಲ ಮುಗಿದ ಮೇಲೆ ಉತ್ತರ:
ವಿಷಯ ಮುಕ್ತಾಯಗೊಳಿಸಲಾಗಿದೆ.
ವಿಷಯಕ್ಕೆ ಹೆಂಡತಿ ಇದ್ದಳೆ, ಮಗು ಇತ್ತೆ,
ಮುಕ್ತಾಯ ಎಲ್ಲಿ, ಹೊಲದಲ್ಲೊ, ನದಿಯಲ್ಲೊ,
ಅಥವಾ ವಿಷಯ ಸುಖವಾಗಿ ನಿವೃತ್ತಿಯಾಗಿ
ಎಲ್ಲೋ ಗುಲಾಬಿಗೆ ನೀರು ಹಾಕುತ್ತಿದೆಯೊ,
ಬರೆದಿರಲಿಲ್ಲ.

ಖಾಲಿ ಪೆಟ್ಟಿಗೆಯ ಹಲಗೆ ಹರಾಜಿಗೆ ಬಂದಾಗ
ನಾಲ್ಕು ರೂಪಾಯಿಗೆ ಕೊಂಡು ದೇವರ ಗೂಡು ಮಾಡಿಸಿದೆ.
ಪಟಗಳ ಹಿಂದೆ ಈಗಲೂ ಆ ಬಾಣ:
ಈ ಕಡೆ ಮೇಲೆ.

ಮತ್ತೀಕೆರೆಯ ಮನೆಯಲ್ಲಿ ಬಟ್ಟೆ ಒಣಹಾಕುವುದು ನನ್ನ ಪಾಲಿನ ಕೆಲಸ.
ಫೆಬ್ರುವರಿಯಲ್ಲಿ ಯಲಹಂಕದ ಆಕಾಶ ಹರಿಯುತ್ತದೆ.
ಪಕ್ಕದ ಮಹಡಿಯ ಹುಡುಗರು ಹೆಸರು ಹಿಡಿದು ಕೂಗುತ್ತಾರೆ,
ತಲೆಕೆಳಗಾದಾಗ ಚಪ್ಪಾಳೆ.
ನನಗೆ ವಿಮಾನ ಕಾಣಿಸುವುದಿಲ್ಲ.
ರಿವೆಟ್ಟು, ಪಿನ್ನು, ರಬ್ಬರಿನ ಉಂಗುರ, ತಂತಿ
ಒಂದರ ಕೈ ಒಂದು ಹಿಡಿದು
ಯಾರದೋ ಸಹಿಯನ್ನು ನಂಬಿ ಹೋಗುತ್ತಿರುತ್ತವೆ.
ಸದ್ದು ಇಳಿದು ನೆಲ ಮುಟ್ಟುವವರೆಗೆ ಎಣಿಸುತ್ತೇನೆ.

'ಏನು ಮಾವ, ಬಾಯಲ್ಲೇ ಏನೋ ಹೇಳ್ಕೊತಿದೀರ?'
ಸೊಸೆ ಬಕೆಟ್ಟು ಹಿಡಿದು ನಿಂತಿದ್ದಳು.
'ಕ್ಲಿಪ್ಪು' ಅಂದೆ.
ಅವಳೂ ಹಗ್ಗದುದ್ದ ಕಣ್ಣಾಡಿಸಿದಳು.
'ಸರಿಯಾಗೇ ಇದೆಯಲ್ಲ.'
ಸರಿಯಾಗಿಯೇ ಇತ್ತು.
ಅವಳು ಇಳಿದು ಹೋದ ಮೇಲೆ
ಇನ್ನೊಂದು ಸಲ ಎಣಿಸಿದೆ.